ಸರ್ವರ್ 200 ಅಂತು, ಉತ್ತರ ಮಾತ್ರ ತಪ್ಪು: ಎಲೆ ರೋಗ ಗುರುತಿಸುವ ಮಾಡೆಲ್ ಕ್ಲೌಡ್‌ಗೆ ಹೋದ ಕಥೆ

ಎಲೆಯ ಫೋಟೋ ನೋಡಿ ರೋಗದ ಹೆಸರು ಹೇಳುವ ಮಾಡೆಲ್ ಒಂದನ್ನು ಟ್ರೈನ್ ಮಾಡಿದ್ದೆ. ಅದನ್ನು ವೆಬ್ ಸರ್ವಿಸ್ ಮಾಡಿ ಕ್ಲೌಡ್‌ನಲ್ಲಿ ನಿಲ್ಲಿಸುವ ಕೆಲಸ ಹೇಗೆ ಸಾಗಿತು ಅನ್ನೋದನ್ನು ಬರೆಯುತ್ತಿದ್ದೇನೆ. ಟ್ರೈನಿಂಗ್ ಬಗ್ಗೆ ಓದೋಕೆ ಬೇಕಾದಷ್ಟು ಸಿಗುತ್ತದೆ. ಟ್ರೈನಿಂಗ್ ಮುಗಿದ ಮೇಲಿನ ಪಾಡು ಅಷ್ಟಾಗಿ ಯಾರೂ ಬರೆಯುವುದಿಲ್ಲ.

ಮಾಡೆಲ್ ದೊಡ್ಡದೇನಲ್ಲ. ಚಿತ್ರ ಗುರುತಿಸುವ ನ್ಯೂರಲ್ ನೆಟ್‌ವರ್ಕ್, ರೆಸ್‌ನೆಟ್-50. 2015ರ ಕೊನೆಗೆ ಬಂದದ್ದು, ಈ ಕ್ಷೇತ್ರದಲ್ಲಿ ಅದು ಅಜ್ಜನ ವಯಸ್ಸು. ಆದರೂ ಇಂಥ ಕೆಲಸಕ್ಕೆ ಈಗಲೂ ಸಾಕು. ಇಮೇಜ್‌ನೆಟ್ ಅನ್ನೋ ದೊಡ್ಡ ಫೋಟೋ ಸಂಗ್ರಹದ 1,000 ವರ್ಗಗಳಿಗೆ ಇದ್ದ ಕೊನೆಯ ಪದರ ತೆಗೆದು 38 ವರ್ಗಗಳ ಪದರ ಹಾಕಿದ್ದೆ. ಪ್ಲಾಂಟ್‌ವಿಲೇಜ್ ಡೇಟಾಸೆಟ್‌ನಲ್ಲಿ ಇರುವುದೇ ಅಷ್ಟು: 14 ಬೆಳೆ, ಅವುಗಳ ರೋಗಗಳು, ಜೊತೆಗೆ ಆರೋಗ್ಯವಾಗಿರುವ ಎಲೆಗಳು. ಒಟ್ಟು 54,306 ಫೋಟೋ. ಹೀಗೆ ಮಾಡಿದ ಮೇಲೆ ಮಾಡೆಲ್‌ನಲ್ಲಿ ಉಳಿಯುವುದು ಸುಮಾರು 2.36 ಕೋಟಿ ಪ್ಯಾರಾಮೀಟರ್, ಅಂದರೆ ಟ್ರೈನಿಂಗ್‌ನಲ್ಲಿ ಕಲಿತ ಸಂಖ್ಯೆಗಳು. ಒಂದಕ್ಕೆ 4 ಬೈಟ್ ಲೆಕ್ಕದಲ್ಲಿ ಫೈಲ್ 94 ಎಂಬಿ ಆಸುಪಾಸು. ಇಷ್ಟು ಚಿಕ್ಕ ಫೈಲನ್ನು ಸರ್ವರ್‌ಗೆ ಹಾಕೋದು ಏನು ಮಹಾ ಅಂತ ಯಾರಿಗಾದರೂ ಅನ್ನಿಸುತ್ತದೆ.

ಫೈಲ್ ಹಾಕೋದು ಸುಲಭವೇ. ಕಷ್ಟ ಬೇರೆ ಕಡೆ ಇದೆ. ಸಾಮಾನ್ಯ ವೆಬ್ ಸರ್ವಿಸ್‌ನಲ್ಲಿ ಏನಾದರೂ ಕೆಟ್ಟರೆ ಅದು ಕೂಗಿ ಹೇಳುತ್ತದೆ. ಸರ್ವರ್ ಎಡವಿದೆ ಅನ್ನುವ 500 ಸಂಕೇತ ಬರುತ್ತದೆ, ಲಾಗ್‌ನಲ್ಲಿ ಉದ್ದ ಎರರ್ ಬೀಳುತ್ತದೆ, ಹುಡುಕಿ ಸರಿ ಮಾಡುತ್ತೇವೆ. ಚಿತ್ರ ನೋಡುವ ಮಾಡೆಲ್‌ಗೆ ಆ ಗುಣ ಇಲ್ಲ. 224ಕ್ಕೆ 224 ಅಳತೆಯ, ಮೂರು ಬಣ್ಣದ ಸಂಖ್ಯೆಗಳ ಚೌಕ ಕೊಟ್ಟರೆ ಸಾಕು, ಅದರೊಳಗೆ ಏನೇ ಇರಲಿ, 38ರಲ್ಲಿ ಒಂದು ಹೆಸರು ಹೇಳಿಬಿಡುತ್ತದೆ. ಕೆಂಪು, ನೀಲಿ ಅದಲು ಬದಲಾಗಿದ್ದರೂ ಹೇಳುತ್ತದೆ. ಫೋಟೋ ಅಡ್ಡಡ್ಡ ಮಲಗಿದ್ದರೂ ಹೇಳುತ್ತದೆ. ಸರ್ವರ್ 200, ಅಂದರೆ ಎಲ್ಲ ಸರಿ, ಅನ್ನುತ್ತದೆ, ಡ್ಯಾಶ್‌ಬೋರ್ಡ್ ಹಸಿರಾಗಿರುತ್ತದೆ. ಉತ್ತರ ಮಾತ್ರ ತಪ್ಪಾಗಿರುತ್ತದೆ.

ಮೊದಲ ಹೆಜ್ಜೆ ಆ ಕಲಿತ ಸಂಖ್ಯೆಗಳನ್ನು, ಅಂದರೆ ವೆಯಿಟ್ಸ್, ಉಳಿಸುವುದು. ಮಾಡೆಲ್ ಟ್ರೈನ್ ಮಾಡಿದ ಲೈಬ್ರರಿ ಪೈಟಾರ್ಚ್. ಅದರಲ್ಲಿ ಇಡೀ ಮಾಡೆಲ್ ವಸ್ತುವನ್ನೇ ಫೈಲ್‌ಗೆ ಬರೆಯಬಹುದು, ಇಲ್ಲವೇ ಬರೀ ಸಂಖ್ಯೆಗಳನ್ನು ಬರೆಯಬಹುದು. ಎರಡನೆಯದೇ ವಾಸಿ. ಮೊದಲನೆಯದು ಪೈಥಾನ್ ವಸ್ತುಗಳನ್ನು ಫೈಲ್‌ಗೆ ಬರೆಯುವ ಪಿಕಲ್ ಮೇಲೆ ಪೂರ್ತಿ ನಿಂತಿದೆ. ಪಿಕಲ್ ಫೈಲ್ ತೆರೆಯುವುದು ಅಂದರೆ ಅದರೊಳಗಿನ ಕೋಡ್ ಓಡಿಸಿದ ಹಾಗೆ. ಎಲ್ಲಿಂದಲೋ ಡೌನ್‌ಲೋಡ್ ಮಾಡಿದ ಮಾಡೆಲ್ ಫೈಲನ್ನು ಸರ್ವರ್‌ನಲ್ಲಿ ತೆರೆಯುವವರಿಗೆ ಇದು ಸಣ್ಣ ವಿಷಯ ಅಲ್ಲ. ಪೈಟಾರ್ಚ್ 2.6ರಿಂದ ವೆಯಿಟ್ಸ್ ಮಾತ್ರ ಓದುವುದನ್ನೇ ಡಿಫಾಲ್ಟ್ ಮಾಡಿದ್ದಾರೆ. ತಡವಾಯಿತು, ಆದರೂ ಒಳ್ಳೆಯ ಕೆಲಸ.

ಸರ್ವರ್‌ಗೆ ಫಾಸ್ಟ್‌ಎಪಿಐ ಅನ್ನೋ ಪೈಥಾನ್ ವೆಬ್ ಫ್ರೇಮ್‌ವರ್ಕ್ ಆರಿಸಿದೆ. ಎರಡು ಎಂಡ್‌ಪಾಯಿಂಟ್ (ಕರೆಯುವ ವಿಳಾಸ): ಒಂದು ಫೋಟೋ ತೆಗೆದುಕೊಂಡು ಉತ್ತರ ಕೊಡುವುದು, ಇನ್ನೊಂದು 'ಬದುಕಿದ್ದೀಯಾ' ಅಂತ ಕೇಳಿದರೆ 'ಹೂಂ' ಅನ್ನುವುದು. ಮಾಡೆಲ್ ಲೋಡ್ ಆಗುವುದು ಸರ್ವರ್ ಏಳುವಾಗ ಒಂದೇ ಸಲ. ಪ್ರತಿ ರಿಕ್ವೆಸ್ಟ್‌ಗೂ ಲೋಡ್ ಮಾಡುವ ಮಾದರಿ ಕೋಡ್ ಇಂಟರ್‌ನೆಟ್‌ನಲ್ಲಿ ಇನ್ನೂ ತಿರುಗಾಡುತ್ತಿದೆ, ದಯವಿಟ್ಟು ಅದನ್ನು ಹಾಗೇ ತೆಗೆದುಕೊಳ್ಳಬೇಡಿ. ಲೋಡ್ ಆದ ತಕ್ಷಣ ಮಾಡೆಲನ್ನು ಇವಾಲ್ ಮೋಡ್‌ಗೆ, ಅಂದರೆ ಉತ್ತರ ಹೇಳುವ ಸ್ಥಿತಿಗೆ, ಹಾಕಬೇಕು. ಹಾಕದಿದ್ದರೆ ಸಂಖ್ಯೆಗಳನ್ನು ಒಂದು ಅಳತೆಗೆ ತರುವ ಬ್ಯಾಚ್‌ನಾರ್ಮ್ ಪದರಗಳು ಟ್ರೈನಿಂಗ್‌ನಲ್ಲಿ ಕಲಿತ ಸರಾಸರಿ ಬಿಟ್ಟು, ಈಗ ಬಂದ ಒಂದೇ ಒಂದು ಫೋಟೋದ ಸರಾಸರಿ ಹಿಡಿದು ಲೆಕ್ಕ ಮಾಡುತ್ತವೆ. ಉತ್ತರ ಎತ್ತಲೋ ಹೋಗುತ್ತದೆ. ಎರರ್? ಬರುವುದಿಲ್ಲ.

ಇಲ್ಲಿ ಇನ್ನೊಂದು ಸೂಕ್ಷ್ಮ ಇದೆ. ಫಾಸ್ಟ್‌ಎಪಿಐನಲ್ಲಿ ಎಂಡ್‌ಪಾಯಿಂಟ್ ಬರೆಯುವಾಗ ಮುಂದೆ ಅಸಿಂಕ್ ಅಂತ ಹಾಕಿದರೆ ಅದು ಎಲ್ಲ ರಿಕ್ವೆಸ್ಟ್‌ಗಳನ್ನೂ ಸರದಿಯಲ್ಲಿ ನೋಡುವ ಈವೆಂಟ್ ಲೂಪ್ ಮೇಲೇ ಓಡುತ್ತದೆ. ಹಾಕದೆ ಬಿಟ್ಟರೆ ಪಕ್ಕದ ಥ್ರೆಡ್‌ನಲ್ಲಿ ಓಡುತ್ತದೆ. ಡೇಟಾಬೇಸ್ ಉತ್ತರಕ್ಕೆ ಕಾಯುವ ಕೆಲಸಕ್ಕೆ ಅಸಿಂಕ್ ಚೆನ್ನ. ಆದರೆ ರೆಸ್‌ನೆಟ್-50 ಕಾಯುವುದಿಲ್ಲ, ದುಡಿಯುತ್ತದೆ. ಒಂದು ಫೋಟೋಗೆ ಸುಮಾರು 400 ಕೋಟಿ ಸಲ ಗುಣಿಸಿ ಕೂಡಿಸುತ್ತದೆ. ಆ ಹೊತ್ತು ಈವೆಂಟ್ ಲೂಪ್ ಅಲುಗಾಡುವುದಿಲ್ಲ. ನಾಲ್ಕಾರು ಫೋಟೋ ಒಟ್ಟಿಗೆ ಬಂದವು ಅಂದುಕೊಳ್ಳಿ. 'ಬದುಕಿದ್ದೀಯಾ' ಅನ್ನೋ ಪ್ರಶ್ನೆಯೂ ಸಾಲಿನಲ್ಲಿ ನಿಲ್ಲುತ್ತದೆ. ಉತ್ತರ ಬರಲಿಲ್ಲ, ಸತ್ತೇ ಹೋಗಿದೆ ಅಂತ ಕ್ಲೌಡ್ ತೀರ್ಮಾನ ಮಾಡುತ್ತದೆ, ಮೈತುಂಬ ಕೆಲಸ ಮಾಡುತ್ತಿದ್ದ ಕಂಟೇನರನ್ನು (ಸರ್ವರನ್ನು ಅದಕ್ಕೆ ಬೇಕಾದ ಎಲ್ಲದರ ಜೊತೆ ಕಟ್ಟಿ ಓಡಿಸುವ ಪೆಟ್ಟಿಗೆ) ಕೊಂದು ಹೊಸದನ್ನು ಎಬ್ಬಿಸುತ್ತದೆ. ನನ್ನ ಲಾಗ್‌ನಲ್ಲಿ ಕಂಡದ್ದು ಇದೇ: ಜನ ಜಾಸ್ತಿ ಬಂದಾಗಲೇ ಕಂಟೇನರ್ ಸಾಯುತ್ತಿತ್ತು. ಆ ಒಂದು ಪದ ತೆಗೆದದ್ದೇ ತಡ, ಸಾಯುವುದು ನಿಂತಿತು.

ಡಾಕರ್ ಇಮೇಜ್, ಅಂದರೆ ಕಂಟೇನರ್ ಯಾವುದರಿಂದ ಏಳುತ್ತದೋ ಆ ಪ್ಯಾಕೇಜ್, ಕಟ್ಟುವಾಗ ಮೊದಲ ಆಘಾತ ಗಾತ್ರದ್ದು. ಲಿನಕ್ಸ್‌ನಲ್ಲಿ ಪೈಟಾರ್ಚನ್ನು ಸುಮ್ನೆ ಪಿಪ್ ಇನ್‌ಸ್ಟಾಲ್ ಮಾಡಿದರೆ ಜಿಪಿಯುಗೆ ಬೇಕಾದ ಕುಡಾ ಲೈಬ್ರರಿಗಳೂ ಹಿಂದೆಯೇ ಬರುತ್ತವೆ. ಡಾಕರ್ ಇಮೇಜ್ ಹಲವು ಜಿಬಿ ಆಗುತ್ತದೆ. ಜಿಪಿಯು ಇಲ್ಲದ ಸರ್ವರ್‌ಗೆ ಅದು ಶುದ್ಧ ಭಾರ. ಸಿಪಿಯುಗೆ ಮಾತ್ರ ಕಟ್ಟಿದ ಪೈಟಾರ್ಚ್ ಬೇರೆ ವಿಳಾಸದಲ್ಲಿ ಸಿಗುತ್ತದೆ, ಅದನ್ನು ಹೆಸರಿಸಿ ಕೇಳಬೇಕು. ಬೇಸ್ ಇಮೇಜ್ ಇನ್ನೂ ಚಿಕ್ಕದಿರಲಿ ಅಂತ ಆಲ್ಪೈನ್ ಅನ್ನೋ ಪುಟ್ಟ ಲಿನಕ್ಸ್ ಹಿಡಿಯುವವರು ಇದ್ದಾರೆ. ಪೈಥಾನ್‌ನ ಲೆಕ್ಕದ ಲೈಬ್ರರಿಗಳಿಗೆ ಅದು ಹೊಂದುವುದಿಲ್ಲ. ಆಲ್ಪೈನ್‌ನ ಸಿ ಲೈಬ್ರರಿಯೇ ಬೇರೆ, ಪೈಟಾರ್ಚ್ ಅದಕ್ಕೆಂದು ಕಟ್ಟಿದ ವೀಲ್ (ಸಿದ್ಧ ಪ್ಯಾಕೇಜ್) ಕೊಡುವುದಿಲ್ಲ. ಸ್ಲಿಮ್ ಅಂತ ಕೊನೆಯಾಗುವ ಪೈಥಾನ್ ಇಮೇಜ್ ಸಾಕು.

ಆಮೇಲೆ ಯೋಚನೆ ಬಂತು: ಸರ್ವರ್‌ನಲ್ಲಿ ಟ್ರೈನಿಂಗ್ ಇಲ್ಲವಲ್ಲ, ಪೈಟಾರ್ಚ್ ಬೇಕಾದರೂ ಯಾಕೆ? ಮಾಡೆಲನ್ನು ಓಎನ್‌ಎನ್‌ಎಕ್ಸ್‌ಗೆ ಬದಲಾಯಿಸಿದೆ. 2017ರಲ್ಲಿ ಫೇಸ್‌ಬುಕ್, ಮೈಕ್ರೋಸಾಫ್ಟ್ ಸೇರಿ ಶುರು ಮಾಡಿದ ಫೈಲ್ ರೂಪ ಅದು. ಓಡಿಸಲು ಓಎನ್‌ಎನ್‌ಎಕ್ಸ್ ರನ್‌ಟೈಮ್ ಅನ್ನೋ ಚಿಕ್ಕ ಲೈಬ್ರರಿ ಸಾಕು. ಡಾಕರ್ ಇಮೇಜ್ ಎಷ್ಟು ಇಳಿಯಿತು ಅಂದರೆ ಮತ್ತೆ ಹಿಂದಕ್ಕೆ ನೋಡಬೇಕು ಅನ್ನಿಸಲಿಲ್ಲ. ಸರ್ವರ್ ಏಳುವ ಹೊತ್ತೂ ಕಡಿಮೆಯಾಯಿತು, ಪೈಟಾರ್ಚ್ ಇಂಪೋರ್ಟ್ ಆಗುವುದಕ್ಕೇ ಕೆಲವು ಸೆಕೆಂಡು ಹಿಡಿಯುತ್ತಿತ್ತು. ಆದರೆ ಇದಕ್ಕೆ ಒಂದು ಬೆಲೆ ತೆತ್ತೆ. ಪೈಟಾರ್ಚ್ ಹೋದಾಗ ಅದರ ಜೊತೆ ಟಾರ್ಚ್‌ವಿಷನ್ ಕೂಡ ಹೋಯಿತು. ಫೋಟೋವನ್ನು ಕುಗ್ಗಿಸಿ, ಕತ್ತರಿಸಿ, ಸಂಖ್ಯೆ ಮಾಡುವ ಕೆಲಸ ಅಲ್ಲಿಯವರೆಗೆ ಅದರದ್ದು. ಈಗ ಅದನ್ನು ಪಿಲ್ಲೋ, ಓಪನ್‌ಸಿವಿ ಅನ್ನೋ ಚಿತ್ರದ ಲೈಬ್ರರಿಗಳನ್ನು ಹಿಡಿದು ಕೈಯಾರೆ ಬರೆಯಬೇಕಾಯಿತು. ಮುಂದಿನ ರಗಳೆಯ ಅರ್ಧ ಭಾಗ ಇಲ್ಲಿಂದ ಹುಟ್ಟಿತು.

ಯಾವ ಥರದ ಕ್ಲೌಡ್ ಸೇವೆ ಅನ್ನೋದಕ್ಕೆ ಹೆಚ್ಚು ತಲೆ ಕೆಡಿಸಿಕೊಳ್ಳಲಿಲ್ಲ. ಯಾವಾಗಲೂ ಎದ್ದಿರುವ ವರ್ಚುವಲ್ ಮಷೀನ್ ಬೇಡ, ಅದನ್ನು ಅಪ್‌ಡೇಟ್ ಮಾಡುತ್ತಾ ಕೂರಬೇಕು. ಕರೆದಾಗ ಮಾತ್ರ ಓಡುವ ಫಂಕ್ಷನ್ ಥರದವು ಇವೆ. ಅಮೆಜಾನ್‌ನ ಲ್ಯಾಂಬ್ಡಾದಲ್ಲಿ ಜಿಪ್ ಆಗಿ ಹಾಕಿದರೆ ಬಿಚ್ಚಿದ ಗಾತ್ರ 250 ಎಂಬಿ ಮೀರುವಂತಿಲ್ಲ. 2020ರ ಡಿಸೆಂಬರ್‌ನಿಂದ 10 ಜಿಬಿವರೆಗಿನ ಕಂಟೇನರ್ ಇಮೇಜ್ ಕೂಡ ಹಾಕಬಹುದು, ಹಾಗಾಗಿ ಗಾತ್ರ ಈಗ ಅಡ್ಡಿಯಲ್ಲ. ಗಮನಿಸಬೇಕಾದ್ದು ಇನ್ನೊಂದು ಮಿತಿ: ನೇರವಾಗಿ ಕರೆದಾಗ ಒಳಗೆ ಹೋಗುವ ಡೇಟಾ 6 ಎಂಬಿ ಮೀರಬಾರದು. ಫೋಟೋವನ್ನು ಬೇಸ್64 (ಬರೀ ಅಕ್ಷರಗಳ ರೂಪ) ಮಾಡಿ ಕಳಿಸಿದರೆ ಅದು ಮೂರನೇ ಒಂದು ಭಾಗ ಹಿಗ್ಗುತ್ತದೆ. ಅಂದರೆ 4.5 ಎಂಬಿ ಫೋಟೋ ಅಲ್ಲೇ ಗಡಿ ಮುಟ್ಟಿತು. ಈಗಿನ ಫೋನ್‌ಗಳ ಫೋಟೋ ಅದಕ್ಕಿಂತ ದೊಡ್ಡದಿರುವುದು ಮಾಮೂಲಿ. ಹಾಗಾಗಿ ಕಂಟೇನರ್ ಕೊಟ್ಟರೆ ಓಡಿಸುವ, ಯಾರೂ ಬರದಿದ್ದಾಗ ಸೊನ್ನೆಗೆ ಇಳಿಯುವ ಸೇವೆ ಆರಿಸಿದೆ. ಫೋಟೋ ಬರುವುದು ಮಾಮೂಲಿ ಫೈಲ್ ಅಪ್‌ಲೋಡ್ ಆಗಿ, ಬೇಸ್64 ಬೇಡ.

ಮೊದಲ ಸಲ ಕ್ಲೌಡ್‌ಗೆ ಹಾಕುವವರು ಎಲ್ಲರೂ ಎಡವುವ ಕಲ್ಲು ಒಂದಿದೆ. ಲ್ಯಾಪ್‌ಟಾಪ್‌ನಲ್ಲಿ ಸರ್ವರ್ 127.0.0.1 (ತನ್ನದೇ ಯಂತ್ರದ ವಿಳಾಸ) ಮೇಲೆ ಕಿವಿಗೊಟ್ಟಿರುತ್ತದೆ. ಕಂಟೇನರ್ ಒಳಗೆ ಹಾಗೆ ಮಾಡಿದರೆ ಹೊರಗಿನ ಯಾರ ಮಾತೂ ಅದಕ್ಕೆ ಕೇಳಿಸುವುದಿಲ್ಲ. 0.0.0.0 (ಎಲ್ಲ ವಿಳಾಸಗಳು) ಮೇಲೆ ಕೇಳಬೇಕು. ಪೋರ್ಟ್ ನಂಬರನ್ನೂ ಕ್ಲೌಡ್ ಕೊಟ್ಟ ಎನ್ವಿರಾನ್‌ಮೆಂಟ್ ವೇರಿಯಬಲ್‌ನಿಂದ ತೆಗೆದುಕೊಳ್ಳಬೇಕು. ಇದು ಕೂಗಿ ಹೇಳುವ ಜಾತಿಯ ತೊಂದರೆ, ಬೇಗ ಸಿಗುತ್ತದೆ, ಬೇಗ ಹೋಗುತ್ತದೆ.

ಕೂಗಿ ಹೇಳುವ ಇನ್ನೊಂದು ತೊಂದರೆ ಮೆಮೊರಿ. ಕಂಟೇನರ್ 137 ಅನ್ನೋ ಸಂಖ್ಯೆ ಬಿಟ್ಟು ಸತ್ತರೆ ಅದಕ್ಕೆ ಮೆಮೊರಿ ಸಾಲದೆ ಹೊರಗಿನಿಂದ ಕೊಂದಿದ್ದಾರೆ ಅಂತ ಬಹುಮಟ್ಟಿಗೆ ತಿಳಿಯಬಹುದು. 128ಕ್ಕೆ ಕಿಲ್ ಸಿಗ್ನಲ್‌ನ 9 ಸೇರಿಸಿದರೆ 137. ಮಾಡೆಲ್ 94 ಎಂಬಿ, ಕೊಟ್ಟದ್ದು 512 ಎಂಬಿ, ಹಾಗಿದ್ದರೂ ಯಾಕೆ ಸಾಲಲಿಲ್ಲ? ಮೆಮೊರಿ ತಿಂದದ್ದು ಮಾಡೆಲ್ ಅಲ್ಲ, ಫೋಟೋ. 12 ಮೆಗಾಪಿಕ್ಸೆಲ್ ಫೋಟೋ ಅಂದರೆ 4,000ಕ್ಕೆ 3,000. ಜೆಪೆಗ್ ಆಗಿ ಅದು ಮೂರ್ನಾಲ್ಕು ಎಂಬಿ ಇರಬಹುದು. ಬಿಚ್ಚಿದಾಗ ಪಿಕ್ಸೆಲ್‌ಗೆ 3 ಬೈಟ್, ಅಂದರೆ 36 ಎಂಬಿ. ಅದನ್ನು ಕುಗ್ಗಿಸುವ ಮೊದಲೇ ದಶಾಂಶ ಸಂಖ್ಯೆಗಳಾಗಿ ಬದಲಾಯಿಸಿದರೆ ನಾಲ್ಕು ಪಟ್ಟು, 144 ಎಂಬಿ. ಮಾಡೆಲ್‌ಗೆ ಬೇಕಾದ ಅಳತೆಗೆ ತರಲು ಸರಾಸರಿ ಕಳೆದು ಭಾಗಿಸುವಾಗ ಅದೇ ಅಳತೆಯ ಇನ್ನೊಂದು ನಕಲು ಹುಟ್ಟುತ್ತದೆ. ಇಂಥ ಎರಡು ಫೋಟೋ ಒಟ್ಟಿಗೆ ಬಂದರೆ ಮುಗಿಯಿತು. 48 ಮೆಗಾಪಿಕ್ಸೆಲ್ ಆದರೆ ಒಂದೇ ಸಾಕು. ಮದ್ದು ಸರಳ: ಮೊದಲು ಕುಗ್ಗಿಸು, ಆಮೇಲೆ ದಶಾಂಶ ಮಾಡು. 224ಕ್ಕೆ 224 ಆದ ಮೇಲೆ ಅದು ದಶಾಂಶದಲ್ಲೂ 600 ಕೆಬಿ ಅಷ್ಟೇ. ಜೆಪೆಗ್ ಬಿಚ್ಚುವಾಗಲೇ ಅರ್ಧ, ಕಾಲು, ಎಂಟನೇ ಒಂದು ಅಳತೆಗೆ ಇಳಿಸುವ ದಾರಿಯೂ ಪಿಲ್ಲೋ ಲೈಬ್ರರಿಯಲ್ಲಿ ಇದೆ. ಆದರೆ ಅದರಿಂದ ಪಿಕ್ಸೆಲ್ ಬೆಲೆಗಳು ಸ್ವಲ್ಪ ಬದಲಾಗುತ್ತವೆ. ಆ 'ಸ್ವಲ್ಪ'ದ ಬಗ್ಗೆ ಆಗಲೇ ಅನುಮಾನ ಶುರುವಾಗಿತ್ತು, ಹಾಗಾಗಿ ಮುಟ್ಟಲಿಲ್ಲ.

ಬೇಕೆಂದೇ ಯಾರಾದರೂ ಕೆಟ್ಟ ಫೋಟೋ ಕಳಿಸಿದರೆ? ಕೆಲವೇ ಎಂಬಿ ಇರುವ ಪಿಎನ್‌ಜಿ ಫೈಲ್ ಬಿಚ್ಚಿದಾಗ ಹಲವು ಜಿಬಿ ಆಗುವಂತೆ ಮಾಡಬಹುದು. ಪಿಲ್ಲೋ ಸುಮಾರು 8.9 ಕೋಟಿ ಪಿಕ್ಸೆಲ್ ದಾಟಿದರೆ ಎಚ್ಚರಿಸುತ್ತದೆ, ಅದರ ಎರಡು ಪಟ್ಟು ದಾಟಿದರೆ ತೆರೆಯುವುದಿಲ್ಲ ಅನ್ನುತ್ತದೆ. ನನ್ನ ಸರ್ವರ್‌ಗೆ ಆ ಮಿತಿ ತೀರಾ ಉದಾರ. ಇನ್ನೂ ಕೆಳಗೆ ಇಳಿಸಿದೆ, ಫೈಲ್ ಗಾತ್ರಕ್ಕೂ ಮಿತಿ ಹಾಕಿ, ಮೀರಿದರೆ 'ತುಂಬಾ ದೊಡ್ಡದು' ಅನ್ನುವ 413 ಸಂಕೇತ ಕೊಟ್ಟು ಕಳಿಸಿದೆ.

ಇಷ್ಟೆಲ್ಲ ಆದ ಮೇಲೆ ಸರ್ವಿಸ್ ಎದ್ದು ನಿಂತಿತು. ಆ್ಯಪ್ ಬರೆಯುತ್ತಿದ್ದ ಗೆಳತಿಗೆ ವಿಳಾಸ ಕೊಟ್ಟೆ. ಸ್ವಲ್ಪ ಹೊತ್ತಿಗೆ ಮೆಸೇಜ್ ಬಂತು.

"ಕೆಲಸ ಮಾಡ್ತಿದೆ ಕಣೋ. ಆದ್ರೆ ಅದೇ ಎಲೆಗೆ ನಿನ್ನ ನೋಟ್‌ಬುಕ್ ಒಂದು ಹೇಳುತ್ತೆ, ಸರ್ವರ್ ಇನ್ನೊಂದು ಹೇಳುತ್ತಲ್ಲ?"

"ಒಂದೇ ಮಾಡೆಲ್ ಫೈಲ್ ಕಣೇ, ಬೇರೆ ಬರೋಕೆ ಸಾಧ್ಯ ಇಲ್ಲ."

"ಸಾಧ್ಯ ಇಲ್ಲ ಅಂತ ಸರ್ವರ್‌ಗೆ ಹೇಳು, ನಂಗಲ್ಲ."

ಮಾಡೆಲ್ ಒಂದೇ ಅನ್ನೋದು ನಿಜ. ಆದರೆ ಫೋಟೋ ಮಾಡೆಲ್‌ವರೆಗೆ ನಡೆದು ಬರುವ ದಾರಿ ನೋಟ್‌ಬುಕ್‌ನಲ್ಲಿ (ನಾನು ಮಾಡೆಲ್ ಪರೀಕ್ಷಿಸುವ ಪೈಥಾನ್ ಫೈಲ್) ಒಂದು, ಸರ್ವರ್‌ನಲ್ಲಿ ಇನ್ನೊಂದು. ಉತ್ತರವನ್ನು ಮಾತ್ರ ಹೋಲಿಸಿದರೆ ತೊಂದರೆ ಎಲ್ಲಿದೆ ಅಂತ ಗೊತ್ತಾಗುವುದಿಲ್ಲ. ಹಾಗಾಗಿ ದಾರಿಯನ್ನು ನಾಲ್ಕು ಕಡೆ ತಡೆದು ಸಂಖ್ಯೆಗಳನ್ನು ಫೈಲ್‌ಗೆ ಬರೆಸಿದೆ: ಜೆಪೆಗ್ ಬಿಚ್ಚಿದ ಮೇಲೆ, ಕುಗ್ಗಿಸಿದ ಮೇಲೆ, ಸರಾಸರಿ ಕಳೆದು ಭಾಗಿಸಿದ ಮೇಲೆ, ಕೊನೆಗೆ ಮಾಡೆಲ್‌ನ ಹೊರಗೆ ಬಂದ 38 ಸಂಖ್ಯೆಗಳು. ನೋಟ್‌ಬುಕ್‌ನಲ್ಲೂ ಅದೇ ನಾಲ್ಕು ಕಡೆ. ಎರಡನ್ನೂ ಪಕ್ಕಪಕ್ಕ ಇಟ್ಟು ಕಳೆದರೆ, ಮೊದಲು ಎಲ್ಲಿ ಸೊನ್ನೆ ಬರುವುದಿಲ್ಲವೋ ಅಲ್ಲಿ ಕಳ್ಳ ಇದ್ದಾನೆ. ಈ ಕೆಲಸಕ್ಕೆ ಇದಕ್ಕಿಂತ ಒಳ್ಳೆಯ ಉಪಾಯ ನನಗೆ ಇವತ್ತಿಗೂ ಗೊತ್ತಿಲ್ಲ.

ಕಳ್ಳ ಒಬ್ಬನೇ ಇರಲಿಲ್ಲ. ಮೊದಲು ಸಿಕ್ಕಿದ್ದು ಎಕ್ಸಿಫ್, ಕ್ಯಾಮೆರಾ ಫೋಟೋ ಫೈಲ್‌ನೊಳಗೆ ಬರೆದಿಡುವ ವಿವರ. ಫೋನನ್ನು ನೆಟ್ಟಗೆ ಹಿಡಿದು ತೆಗೆದರೂ ಹಲವು ಕ್ಯಾಮೆರಾಗಳು ಪಿಕ್ಸೆಲ್‌ಗಳನ್ನು ಅಡ್ಡವಾಗಿಯೇ ಬರೆಯುತ್ತವೆ. ಜೊತೆಗೆ 1ರಿಂದ 8ರವರೆಗಿನ ಒಂದು ಸಂಖ್ಯೆ ಇಡುತ್ತವೆ. 6 ಇದ್ದರೆ ತೋರಿಸುವಾಗ ಬಲಕ್ಕೆ ಕಾಲು ಸುತ್ತು ತಿರುಗಿಸು ಅಂತ ಅರ್ಥ. ಗ್ಯಾಲರಿ ಆ್ಯಪ್‌ಗಳು, ಬ್ರೌಸರ್‌ಗಳು ಇದನ್ನು ಪಾಲಿಸುತ್ತವೆ, ಹಾಗಾಗಿ ನಮ್ಮ ಕಣ್ಣಿಗೆ ಫೋಟೋ ಸರಿಯಾಗೇ ಕಾಣುತ್ತದೆ. ಪಿಲ್ಲೋ ತಾನಾಗಿ ತಿರುಗಿಸುವುದಿಲ್ಲ, ಕೇಳಿದರೆ ಮಾತ್ರ ತಿರುಗಿಸುತ್ತದೆ. ಓಪನ್‌ಸಿವಿಯ ಮಾಮೂಲಿ ಓದುವ ವಿಧಾನ ತಾನಾಗಿಯೇ ತಿರುಗಿಸುತ್ತದೆ. ನೋಟ್‌ಬುಕ್‌ನಲ್ಲಿ ಹಾಕಿದ ಫೋಟೋಗಳು ಮೆಸೇಜಿಂಗ್ ಆ್ಯಪ್ ಮೂಲಕ ಬಂದವು, ಅಲ್ಲಿ ಮೊದಲೇ ತಿರುಗಿಸಿ ಎಕ್ಸಿಫ್ ಕಿತ್ತುಹಾಕಿತ್ತು. ಹೊಸ ಆ್ಯಪ್ ಕ್ಯಾಮೆರಾದಿಂದ ನೇರವಾಗಿ ಕಳಿಸುತ್ತಿತ್ತು. ಸರ್ವರ್ ಕಣ್ಣಿಗೆ ಎಲ್ಲ ಎಲೆಗಳೂ ಮಲಗಿದ್ದವು.

ಎರಡನೆಯವನು ಜಾಣ. ಕುಗ್ಗಿಸುವ ವಿಧಾನ. 4,000 ಪಿಕ್ಸೆಲ್ ಅಗಲದ ಫೋಟೋವನ್ನು 256ಕ್ಕೆ ಇಳಿಸುವಾಗ (224 ಕತ್ತರಿಸುವುದು ಅದಾದ ಮೇಲೆ) ಹೊಸ ಒಂದೊಂದು ಪಿಕ್ಸೆಲ್‌ಗೂ ಹಳೆಯ ನೂರಾರು ಪಿಕ್ಸೆಲ್ ಲೆಕ್ಕಕ್ಕೆ ಬರಬೇಕು. ಪಿಲ್ಲೋದ ಬೈಲೀನಿಯರ್ ಅನ್ನೋ ವಿಧಾನ ಹಾಗೆಯೇ ಮಾಡುತ್ತದೆ. ಓಪನ್‌ಸಿವಿಯ ಬೈಲೀನಿಯರ್ ಅಕ್ಕಪಕ್ಕದ ನಾಲ್ಕನ್ನು ಮಾತ್ರ ನೋಡಿ ಉಳಿದದ್ದನ್ನು ಬಿಟ್ಟು ಮುಂದೆ ಹೋಗುತ್ತದೆ. ಹೆಸರು ಎರಡಕ್ಕೂ ಒಂದೇ! ಕಣ್ಣಿಗೆ ಎರಡೂ ಒಂದೇ ಥರ ಕಾಣುತ್ತವೆ, ಸ್ವಲ್ಪ ಹಿಗ್ಗಿಸಿ ನೋಡಿದರೆ ಎರಡನೆಯದರಲ್ಲಿ ಎಲೆಯ ನರಗಳು ಒಡೆದೊಡೆದು ಕಾಣುತ್ತವೆ. ಎಲೆ ರೋಗದ ಮಾಡೆಲ್ ಬದುಕುವುದೇ ಸಣ್ಣ ಚುಕ್ಕೆಗಳ ಮೇಲೆ. ಇಲ್ಲದ ಚುಕ್ಕೆಗಳು ಹುಟ್ಟಿದರೆ, ಇದ್ದ ಚುಕ್ಕೆಗಳು ಮಾಯವಾದರೆ ಅದು ಬೇರೆ ರೋಗದ ಹೆಸರು ಹೇಳದೆ ಇನ್ನೇನು ಮಾಡುತ್ತದೆ? ಟಾರ್ಚ್‌ವಿಷನ್‌ನಲ್ಲೂ ಇದೇ ಗೊಂದಲ ಇತ್ತು. ಪಿಲ್ಲೋ ಫೋಟೋ ಕೊಟ್ಟರೆ ಒಂದು ಥರ, ಟೆನ್ಸರ್ (ಪೈಟಾರ್ಚ್‌ನ ಸಂಖ್ಯೆಗಳ ಪಟ್ಟಿ) ಕೊಟ್ಟರೆ ಇನ್ನೊಂದು ಥರ ಕುಗ್ಗುತ್ತಿತ್ತು. 0.17ನೇ ಆವೃತ್ತಿಯಲ್ಲಿ ಟೆನ್ಸರ್‌ಗೂ ನುಣುಪು ಮಾಡುವುದನ್ನೇ ಡಿಫಾಲ್ಟ್ ಮಾಡಿದರು. ಮಾಡೆಲ್ ಹಳೆಯ ಆವೃತ್ತಿಯಲ್ಲಿ ಟ್ರೈನ್ ಆಗಿ, ಸರ್ವರ್‌ನಲ್ಲಿ ಹೊಸದು ಇದ್ದರೆ ಏನಾಗುತ್ತದೆ ಅಂತ ನೀವೇ ಊಹಿಸಿ.

ಇನ್ನು ಬಣ್ಣದ ಕ್ರಮ. ಪಿಲ್ಲೋ ಕೆಂಪು, ಹಸಿರು, ನೀಲಿ ಅಂತ ಕೊಡುತ್ತದೆ. ಓಪನ್‌ಸಿವಿ ನೀಲಿಯಿಂದ ಶುರು ಮಾಡುತ್ತದೆ. ಇದು ಎಲ್ಲರಿಗೂ ಗೊತ್ತಿರುವ ಕಥೆ, ಆದರೂ ಎಲೆಯ ವಿಷಯದಲ್ಲಿ ಒಂದು ವಿಶೇಷ ಇದೆ. ಹಸಿರು ನಡುವೆ ಇರುವುದರಿಂದ ಅದಲು ಬದಲಾದರೂ ಎಲೆ ಹಸಿರಾಗೇ ಉಳಿಯುತ್ತದೆ. ಬದಲಾಗುವುದು ಹಳದಿ, ಕಂದು ಕಲೆಗಳು. ಅಂದರೆ ರೋಗ. ಆರೋಗ್ಯವಂತ ಎಲೆಗಳ ಮೇಲೆ ಪರೀಕ್ಷೆ ಮಾಡಿದರೆ ಬಹುಮಟ್ಟಿಗೆ ಎಲ್ಲ ಸರಿಯಾಗೇ ಕಾಣುತ್ತದೆ! ಪರೀಕ್ಷೆಗೆ ಇಡುವ ಫೋಟೋಗಳಲ್ಲಿ ಕಾಯಿಲೆಯ ಎಲೆಗಳು ಇರಲೇಬೇಕು ಅಂತ ಆಗ ತೀರ್ಮಾನಿಸಿದೆ.

ಕೊನೆಗೆ ಎಲ್ಲವನ್ನೂ ಪಿಲ್ಲೋಗೆ ಒಪ್ಪಿಸಿದೆ, ಓಪನ್‌ಸಿವಿಯನ್ನು ಕಿತ್ತುಹಾಕಿದೆ. ಡಾಕರ್ ಇಮೇಜ್ ಇನ್ನಷ್ಟು ಇಳಿದದ್ದು ಲಾಭ. ಪಾರದರ್ಶಕ ಹಿನ್ನೆಲೆಯ ಪಿಎನ್‌ಜಿ ಬಂದರೆ ಬಿಳಿ ಮೇಲೆ ಕೂರಿಸಿ ಮೂರು ಬಣ್ಣಕ್ಕೆ ಇಳಿಸುವುದು. 2017ರ ಐಒಎಸ್ 11ರಿಂದ ಐಫೋನ್‌ಗಳು ಬರೆಯುವ ಹೀಕ್ ಫೈಲನ್ನು ಪಿಲ್ಲೋ ತಾನಾಗಿ ತೆರೆಯುವುದಿಲ್ಲ, ಅದಕ್ಕೆ ಪಿಲ್ಲೋ-ಹೀಫ್ ಅನ್ನೋ ಜೊತೆಗಾರ ಬೇಕು. ಇವೆಲ್ಲ ಒಂದೊಂದು ಸಾಲಿನ ಕೆಲಸ. ಸಾಲು ಬರೆಯುವುದಕ್ಕಿಂತ ಅದು ಬೇಕು ಅಂತ ಗೊತ್ತಾಗುವುದಕ್ಕೇ ಹೊತ್ತು ಹಿಡಿಯುತ್ತದೆ.

ಈಗ ನೋಟ್‌ಬುಕ್ ಮತ್ತು ಸರ್ವರ್ ಒಂದೇ ಮಾತು ಆಡುತ್ತಿದ್ದವು. ಆ ಮಾತು ಸರಿಯೇ ಅನ್ನೋದು ಬೇರೆ ಪ್ರಶ್ನೆ. ಪರೀಕ್ಷೆಗೆ ಬಂದವರಲ್ಲಿ ಯಾರೋ ತಮಾಷೆಗೆ ಚಪ್ಪಲಿಯ ಫೋಟೋ ಕಳಿಸಿದರು. ಟೊಮೆಟೊ ಎಲೆಯ ರೋಗ ಅಂತ ಸರ್ವರ್ ಭಾರಿ ವಿಶ್ವಾಸದಿಂದ ಹೇಳಿತು. ಇದರಲ್ಲಿ ಆಶ್ಚರ್ಯ ಇಲ್ಲ. ಕೊನೆಯಲ್ಲಿ ಇರುವ ಸಾಫ್ಟ್‌ಮ್ಯಾಕ್ಸ್ 38 ಸಂಖ್ಯೆಗಳನ್ನು ಕೂಡಿದರೆ 1 ಆಗುವ ಹಾಗೆ ಹಂಚುತ್ತದೆ. 38 ಆಯ್ಕೆ ಇರುವ ಪ್ರಶ್ನೆ, 'ಇದ್ಯಾವುದೂ ಅಲ್ಲ' ಅನ್ನೋ ಆಯ್ಕೆಯೇ ಇಲ್ಲ. ಯಾರೋ ಒಬ್ಬರಿಗೆ ಅಂಕ ಬೀಳಲೇಬೇಕು.

ಚಪ್ಪಲಿ ನಗುವಿನ ವಿಷಯ. ನಿಜವಾದ ಚಿಂತೆ ನಿಜವಾದ ಎಲೆಗಳದ್ದು. ಪ್ಲಾಂಟ್‌ವಿಲೇಜ್‌ನ ಫೋಟೋಗಳಲ್ಲಿ ಹೆಚ್ಚಿನವು ಕಿತ್ತ ಒಂದೊಂದೇ ಎಲೆಯನ್ನು ಒಂದೇ ಬಣ್ಣದ ಹಿನ್ನೆಲೆ ಮೇಲೆ ಇಟ್ಟು ತೆಗೆದವು. ಆ ಡೇಟಾ ಮೇಲೆ 2016ರಲ್ಲಿ ಬಂದ ಹೆಸರುವಾಸಿ ಪ್ರಬಂಧದಲ್ಲಿ ಮಾಡೆಲ್ ಶೇ. 99.35 ಸರಿ ಉತ್ತರ ಕೊಟ್ಟಿತು. ಅದೇ ಪ್ರಬಂಧದಲ್ಲಿ, ಬೇರೆ ಪರಿಸ್ಥಿತಿಯಲ್ಲಿ ತೆಗೆದ ಫೋಟೋ ಕೊಟ್ಟಾಗ ಅದು ಶೇ. 31ರ ಆಸುಪಾಸಿಗೆ ಬಿತ್ತು. ಎಲ್ಲರೂ ಮೊದಲ ಸಂಖ್ಯೆಯನ್ನು ಎತ್ತಿ ಹೇಳುತ್ತಾರೆ. ಸರ್ವಿಸ್ ನಡೆಸುವವರಿಗೆ ಬೇಕಾದ್ದು ಎರಡನೆಯದು. ಯಾಕೆಂದರೆ ಫೋನ್ ಹಿಡಿದು ಗಿಡದ ಮುಂದೆ ನಿಂತವರು ಎಲೆ ಕಿತ್ತು ಬೂದು ಬಟ್ಟೆ ಮೇಲೆ ಇಡುವುದಿಲ್ಲ.

ನನ್ನ ಮಾಡೆಲ್ ಕೂಡ ಹೊರಗಿನ ಫೋಟೋಗಳ ಮುಂದೆ ಮಂಕಾಯಿತು. ಇದನ್ನು ಸರ್ವರ್ ಕೋಡ್‌ನಿಂದ ಗುಣ ಮಾಡಲು ಆಗದು, ಹೊಲದಲ್ಲಿ ತೆಗೆದ ಫೋಟೋ ಹಾಕಿ ಮತ್ತೆ ಟ್ರೈನ್ ಮಾಡಬೇಕು. ಅಲ್ಲಿಯವರೆಗೆ ಸರ್ವರ್ ಕೈಲಿ ಮಾಡಬಹುದಾದ್ದು ಮಾಡಿದೆ. ಎಲೆಯೇ ಹೌದಾ ಅಂತ ನೋಡುವ ಚಿಕ್ಕ ಮಾಡೆಲ್ ಒಂದನ್ನು ಬಾಗಿಲಲ್ಲಿ ನಿಲ್ಲಿಸಿದೆ, ಮೊಬೈಲ್‌ನೆಟ್ ಜಾತಿಯದ್ದು, ಅದರ ಖರ್ಚು ಲೆಕ್ಕಕ್ಕಿಲ್ಲ. ಮೊದಲ ಉತ್ತರದ ಅಂಕ ಕಡಿಮೆ ಇದ್ದರೆ 'ಖಚಿತವಾಗಿ ಹೇಳಲು ಆಗುತ್ತಿಲ್ಲ, ಎಲೆಯನ್ನು ಹತ್ತಿರದಿಂದ ಇನ್ನೊಮ್ಮೆ ತೆಗೆಯಿರಿ' ಅಂತ ಕಳಿಸಿದೆ. ಆ ಅಂಕವನ್ನು ಶೇಕಡಾವಾರು ಅಂತ ತೋರಿಸಬೇಡ ಅಂತ ಗೆಳತಿಗೆ ಹೇಳಿದೆ. ಇಂಥ ಮಾಡೆಲ್‌ಗಳ ಅಂಕ ನಿಜಕ್ಕಿಂತ ಜಾಸ್ತಿ ಇರುವುದು ಸಾಮಾನ್ಯ. 'ಶೇ. 97' ಅಂತ ಕಂಡರೆ ಜನ ಅದನ್ನು ನಂಬಿ ಔಷಧಿ ಹೊಡೆಯುತ್ತಾರೆ.

ವೇಗದ ವಿಷಯಕ್ಕೆ ಬರೋಣ. ಸೊನ್ನೆಗೆ ಇಳಿಯುವ ಸೇವೆಯಲ್ಲಿ ಮೊದಲು ಬಂದವರು ಕಾಯಬೇಕು. ಕಂಟೇನರ್ ಏಳಬೇಕು, ಪೈಥಾನ್ ಏಳಬೇಕು, ಮಾಡೆಲ್ ಲೋಡ್ ಆಗಬೇಕು. ಆ್ಯಪ್‌ನಲ್ಲಿ ಕ್ಯಾಮೆರಾ ತೆರೆದ ತಕ್ಷಣವೇ 'ಬದುಕಿದ್ದೀಯಾ' ಪ್ರಶ್ನೆ ಕಳಿಸುವ ಹಾಗೆ ಗೆಳತಿ ಮಾಡಿದಳು. ಜನ ಫೋಟೋ ತೆಗೆಯುವಷ್ಟರಲ್ಲಿ ಸರ್ವರ್ ಎದ್ದಿರುತ್ತದೆ. ಖರ್ಚಿಲ್ಲದ ಉಪಾಯ, ಅವಳದ್ದೇ.

ಇನ್ನೊಂದು ವಿಚಿತ್ರ ಕಂಡೆ. ಕಂಟೇನರ್‌ಗೆ ಕೊಟ್ಟದ್ದು 2 ಸಿಪಿಯು. ಆದರೆ ಲೆಕ್ಕದ ಲೈಬ್ರರಿಗಳು ಹೊರಗಿನ ಯಂತ್ರದಲ್ಲಿ ಎಷ್ಟು ಕೋರ್ ಇವೆ ಅಂತ ನೋಡಿ ಅಷ್ಟು ಥ್ರೆಡ್ ಹುಟ್ಟಿಸುವುದುಂಟು. ಎರಡು ಸಿಪಿಯುಗೆ ಹತ್ತಾರು ಥ್ರೆಡ್ ಜಗಳ ಆಡುತ್ತವೆ, ಪಾಲಿನ ಹೊತ್ತು ಮುಗಿದ ಕೂಡಲೇ ಲಿನಕ್ಸ್ ಎಲ್ಲವನ್ನೂ ತಡೆದು ನಿಲ್ಲಿಸುತ್ತದೆ. ಥ್ರೆಡ್ ಸಂಖ್ಯೆಯನ್ನು ಕೈಯಾರೆ 2 ಅಂತ ಇಟ್ಟಾಗ ಉತ್ತರ ಬೇಗ ಬರತೊಡಗಿತು. ಹಾಗೆಯೇ ಒಂದು ಕಂಟೇನರ್‌ಗೆ ಒಮ್ಮೆಗೆ ಎಷ್ಟು ರಿಕ್ವೆಸ್ಟ್ ಅನ್ನೋ ಮಿತಿ. ಅದರ ಡಿಫಾಲ್ಟ್ ಸಾಮಾನ್ಯ ವೆಬ್‌ಸೈಟ್‌ಗೆ ಲೆಕ್ಕ ಹಾಕಿ ಇಟ್ಟದ್ದು, ಮಾಡೆಲ್‌ಗೆ ತುಂಬಾ ಜಾಸ್ತಿ. ಕೆಲವಕ್ಕೆ ಇಳಿಸಿದೆ, ಮಿಕ್ಕವರಿಗೆ ಹೊಸ ಕಂಟೇನರ್ ಏಳಲಿ. ಲೋಡ್ ಟೆಸ್ಟ್ ಮಾಡುವಾಗ ಸರಾಸರಿ ಹೊತ್ತು ನೋಡಿ ಖುಷಿ ಪಡಬೇಡಿ, ನೂರರಲ್ಲಿ ಕೊನೆಯ ಐದು ಜನ ಎಷ್ಟು ಕಾದರು ಅಂತ ನೋಡಿ. ಜಿಪಿಯು ಬೇಕೇ ಅಂತ ಕೇಳುವವರಿಗೆ: ಒಂದೊಂದೇ ಫೋಟೋ ಬರುವ ಕಡೆ, ಈ ಅಳತೆಯ ಮಾಡೆಲ್‌ಗೆ ಬೇಡ. ಎಂಟು ಬಿಟ್‌ಗೆ ಇಳಿಸಿದರೆ ಫೈಲ್ ಕಾಲು ಭಾಗ ಆಗುತ್ತದೆ, ವೇಗವೂ ಸಿಗಬಹುದು. ಒಂದಕ್ಕೊಂದು ಹೋಲುವ ರೋಗಗಳನ್ನು ಅದು ಇನ್ನಷ್ಟು ಕಲಸಿಬಿಡುತ್ತಿತ್ತು, ಬಿಟ್ಟೆ.

ಲಾಗ್‌ನಲ್ಲಿ ಏನು ಬರೆಯಬೇಕು ಅನ್ನೋದಕ್ಕೆ ಸ್ವಲ್ಪ ಕೂತು ಯೋಚಿಸಬೇಕಾಯಿತು. ಫೋಟೋಗಳನ್ನೇ ಉಳಿಸಿಕೊಂಡರೆ ಮುಂದಿನ ಟ್ರೈನಿಂಗ್‌ಗೆ ಚಿನ್ನ. ಆದರೆ ಎಕ್ಸಿಫ್ ಒಳಗೆ ಫೋಟೋ ತೆಗೆದ ಜಾಗದ ಅಕ್ಷಾಂಶ, ರೇಖಾಂಶ ಇರುವುದುಂಟು. ಕೇಳದೆ ಇಟ್ಟುಕೊಳ್ಳುವುದು ಸರಿಯಲ್ಲ. ಒಪ್ಪಿದವರ ಫೋಟೋ ಮಾತ್ರ, ಅದೂ ಎಕ್ಸಿಫ್ ತೆಗೆದು ಉಳಿಸುವುದು. ಮಿಕ್ಕವರದ್ದು ಬರೀ ವಿವರ: ಅಗಲ, ಎತ್ತರ, ಫೈಲ್ ಬಗೆ, ತಿರುಗಿಸುವ ಸಂಖ್ಯೆ, ಮಾಡೆಲ್‌ನ ಆವೃತ್ತಿ, ಮೊದಲ ಮೂರು ಉತ್ತರ. ಉತ್ತರಗಳ ಹಂಚಿಕೆಯನ್ನು ಆಗಾಗ ನೋಡುತ್ತೇನೆ. ಒಂದೇ ರೋಗದ ಹೆಸರು ಇದ್ದಕ್ಕಿದ್ದಂತೆ ಏರಿದರೆ ರೋಗವೇ ಹರಡಿರಬಹುದು, ಇಲ್ಲವೇ ಫೋಟೋ ಬರುವ ದಾರಿ ಕೆಟ್ಟಿರಬಹುದು. ತಿರುಗಿಸುವ ಸಂಖ್ಯೆ, ಫೈಲ್ ಬಗೆ ಪಕ್ಕದಲ್ಲೇ ಇದ್ದರೆ ಯಾವುದು ಅಂತ ಬೇಗ ತಿಳಿಯುತ್ತದೆ.

ಎರಡು ದಾರಿ ಹೋಲಿಸಲು ಬಳಸಿದ ಫೋಟೋಗಳನ್ನು ಎಸೆಯಲಿಲ್ಲ. ಅಡ್ಡ ಮಲಗಿದ್ದು, ಹೀಕ್, ಪಾರದರ್ಶಕ ಪಿಎನ್‌ಜಿ, ಕಪ್ಪು ಬಿಳುಪು, ಕಂದು ಚುಕ್ಕೆಯದ್ದು, ಆ ಚಪ್ಪಲಿಯದ್ದೂ ಸೇರಿ ಡಾಕರ್ ಇಮೇಜ್ ಒಳಗೇ ಒಂದು ಫೋಲ್ಡರ್‌ನಲ್ಲಿ ಇವೆ. ಪ್ರತಿಯೊಂದಕ್ಕೂ ಬರಬೇಕಾದ ಸಂಖ್ಯೆಗಳು ಪಕ್ಕದಲ್ಲಿ. ಕಂಟೇನರ್ ಎದ್ದಾಗ ಮೊದಲು ಇವನ್ನು ತಾನೇ ಓಡಿಸಿ ನೋಡುತ್ತದೆ. ಮಾಡೆಲ್‌ನಿಂದ ಬಂದ ಸಂಖ್ಯೆಗಳಲ್ಲಿ ಸಾವಿರದಲ್ಲಿ ಒಂದಕ್ಕಿಂತ ಜಾಸ್ತಿ ವ್ಯತ್ಯಾಸ ಬಂದರೆ 'ಸಿದ್ಧ' ಅಂತ ಹೇಳುವುದಿಲ್ಲ, ಕ್ಲೌಡ್ ಹಳೆಯ ಆವೃತ್ತಿಯನ್ನೇ ಮುಂದುವರಿಸುತ್ತದೆ. ಏಳುವ ಹೊತ್ತು ಇದರಿಂದ ತುಸು ಹೆಚ್ಚಾಯಿತು, ಆಗಲಿ.

ಇತ್ತೀಚೆಗೆ ಲೈಬ್ರರಿಗಳನ್ನು ಹೊಸದಕ್ಕೆ ಏರಿಸಿದಾಗ ಹೊಸ ಕಂಟೇನರ್ ಹೀಗೇ 'ಸಿದ್ಧ' ಅನ್ನದೆ ಕೂತಿತು. ಲಾಗ್‌ನಲ್ಲಿ ಹೀಕ್ ಫೋಟೋದ ಹೆಸರು ಇತ್ತು. ಹೊಸ ಆವೃತ್ತಿಯ ಜೊತೆಗಾರ ಲೈಬ್ರರಿ ಫೋಟೋವನ್ನು ತಾನೇ ತಿರುಗಿಸಿ ಕೊಡುತ್ತಿತ್ತು, ನನ್ನ ಕೋಡ್ ಎಕ್ಸಿಫ್ ನೋಡಿ ಇನ್ನೊಮ್ಮೆ ತಿರುಗಿಸುತ್ತಿತ್ತು. ಮಿಕ್ಕ ಎಲ್ಲ ಫೋಟೋಗಳೂ ಪಾಸಾಗಿದ್ದವು. ಎರಡು ಸಲ ತಿರುಗುವುದನ್ನು ತಪ್ಪಿಸಿ, ಆ ಲೈಬ್ರರಿಯ ಆವೃತ್ತಿಯನ್ನು ರಿಕ್ವೈರ್‌ಮೆಂಟ್ಸ್ ಫೈಲ್‌ನಲ್ಲಿ ಕಟ್ಟಿಹಾಕಿ, ಮತ್ತೆ ಕಳಿಸಿದೆ. ಗೆಳತಿಯ ಆ್ಯಪ್ ಹಳೆಯ ಕಂಟೇನರ್ ಜೊತೆ ಮಾತಾಡಿಕೊಂಡೇ ಇತ್ತು, ಅವಳಿಗೆ ಇದು ಗೊತ್ತೂ ಆಗಲಿಲ್ಲ.